ವಿಜಯಪುರದ ಮೂರು ವ್ಯಾಧಿಗಳು



ವಿಜಯಪುರವೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಗೋಳಗುಮ್ಮಟ. ಅದರ ಪಿಸುಮಾತಿನ ಮೊಗಸಾಲೆಯನ್ನೂ, ಇಬ್ರಾಹಿಂ ರೋಜಾದ ಕೆತ್ತನೆಯ ಸೊಬಗನ್ನೂ, ಮಲಿಕ್-ಎ-ಮೈದಾನ್ ತೋಪಿನ ಗಾತ್ರವನ್ನೂ ಕುರಿತು ತಾವು ಬೇಕಾದಷ್ಟು ಕೇಳಿರುವಿರಿ. ಅರಸರ ಗೋರಿಗಳ ಉದ್ದಗಲವನ್ನು ಅಳೆಯುವುದರಲ್ಲಿ ಚರಿತ್ರಕಾರರು ಎಂದೂ ಬೇಸತ್ತವರಲ್ಲ. ಆದರೆ ಆ ಗೋರಿಗಳಿಗೆ ಕಲ್ಲು ಹೊತ್ತವರ ಒಡಲು ಹೇಗಿದ್ದಿತು? ಅವರೂ ಅವರ ಮಕ್ಕಳು ಮೊಮ್ಮಕ್ಕಳೂ ಯಾವ ನೀರನ್ನು ಕುಡಿದರು, ಯಾವ ಬೇನೆಯಿಂದ ನರಳಿದರು? ಈ ಪ್ರಶ್ನೆಯನ್ನು ಕೇಳುವವರು ವಿರಳ. ಈ ಹೊತ್ತಿನ ನನ್ನ ಭಾಷಣದಲ್ಲಿ ಅದನ್ನೇ ಎತ್ತಿಕೊಂಡಿದ್ದೇನೆ.

ವೈದ್ಯಶಾಸ್ತ್ರವು ನಮ್ಮ ಶರೀರವನ್ನು ಹಲವು ವ್ಯೂಹಗಳನ್ನಾಗಿ ವಿಂಗಡಿಸಿ ವಿವರಿಸುತ್ತದೆ. ದೇಹವನ್ನು ನಿಲ್ಲಿಸುವುದು ಅಸ್ಥಿವ್ಯೂಹ. ರಕ್ತವನ್ನು ಹರಿಸುವುದು ಪರಿಚಲನವ್ಯೂಹ. ಅನ್ನವನ್ನು ಅರಗಿಸುವುದು ಜೀರ್ಣವ್ಯೂಹ. ಹೊರಗಿನ ಶತ್ರುವನ್ನು ತಡೆಯುವ ಕಾವಲಿನವು ಚರ್ಮ ಮತ್ತು ದುಗ್ಧಗ್ರಂಥಿಗಳು. ಊರಿಗೂ ಇಂತಹ ವ್ಯೂಹಗಳುಂಟು. ಕೋಟೆ, ಕಣಜ, ಕೆರೆ, ಬಾವಿ, ಬೀದಿ ಇವೆಲ್ಲ ಅದರ ಅಂಗಗಳು. ರೋಗವು ಕಾಣಿಸಿಕೊಳ್ಳುವುದು ಒಡಲಿನಲ್ಲಾದರೂ ಅದರ ಬೇರು ಅನೇಕ ವೇಳೆ ಊರಿನ ವ್ಯೂಹದಲ್ಲಿರುತ್ತದೆ. ವಿಜಯಪುರ ಸೀಮೆಗೆ ಬಂದ ಮೂರು ವ್ಯಾಧಿಗಳು ಈ ಮಾತಿಗೆ ಸಾಕ್ಷಿಯಾಗಿವೆ.

ಮೊದಲನೆಯದು ಮಹಾಮಾರಿ, ಅಂದರೆ ಪ್ಲೇಗು. ವರ್ಷಕ್ಕೂ ಮಿಕ್ಕ ಮುತ್ತಿಗೆಯ ಅನಂತರ 1686ರ ಸೆಪ್ಟೆಂಬರಿನಲ್ಲಿ ವಿಜಯಪುರದ ಕೋಟೆ ಔರಂಗಜೇಬನ ವಶವಾಯಿತು. ಸಿಕಂದರನೊಡನೆ ಆದಿಲ್‌ಶಾಹಿ ಮನೆತನದ ಆಳ್ವಿಕೆ ಕೊನೆಗೊಂಡಿತು. ಗೆದ್ದವನಿಗೂ ಈ ನಗರ ಸುಖವನ್ನು ಕೊಡಲಿಲ್ಲ. 1688ರಲ್ಲಿ ಚಕ್ರವರ್ತಿಯ ಪಾಳೆಯವು ಇಲ್ಲಿ ಬಿಡಾರ ಮಾಡಿದ್ದಾಗ ಕಂಕುಳಲ್ಲಿಯೂ ತೊಡೆಯ ಸಂದಿನಲ್ಲಿಯೂ ಗಡ್ಡೆಯೆದ್ದು, ಜ್ವರವೇರಿ, ಜನರು ಕೆಲವೇ ದಿನಗಳಲ್ಲಿ ಸಾಯತೊಡಗಿದರು. ಚಕ್ರವರ್ತಿಯ ಪತ್ನಿಯರಲ್ಲೊಬ್ಬಳಾದ ಔರಂಗಾಬಾದಿ ಮಹಲ್ ಈ ರೋಗಕ್ಕೆ ಬಲಿಯಾದಳು. ಹೆಸರಾಂತ ಸೇನಾನಿ ಫಿರೋಜ್ ಜಂಗನು ಬದುಕಿ ಉಳಿದನಾದರೂ ಕಣ್ಣುಗಳನ್ನು ಕಳೆದುಕೊಂಡನು. ಅರಮನೆಯವರ ಹೆಸರುಗಳನ್ನು ಬರೆದಿಟ್ಟವರುಂಟು; ಬೀದಿಯಲ್ಲಿ ಬಿದ್ದವರ ಹೆಸರುಗಳನ್ನು ಬರೆದವರಾರು?

ಗಡ್ಡೆ ಏಳುವುದು ಆ ಸ್ಥಳಗಳಲ್ಲಿಯೇ ಏಕೆ? ಕಂಕುಳು, ತೊಡೆಸಂದು, ಕೊರಳು ಇವು ದುಗ್ಧಗ್ರಂಥಿಗಳು ಗುಂಪುಗೂಡಿರುವ ತಾಣಗಳು. ಕಾಲಿಗೆ ಚಿಗಟ ಕಚ್ಚಿದರೆ ಒಳಹೊಕ್ಕ ರೋಗಾಣುಗಳು ದುಗ್ಧರಸದೊಡನೆ ಮೇಲೇರಿ ಮೊದಲು ತೊಡೆಸಂದಿನ ಗ್ರಂಥಿಯನ್ನು ಮುಟ್ಟುತ್ತವೆ. ಆ ಕಾವಲುಮನೆಯಲ್ಲಿ ನಡೆಯುವ ಹೋರಾಟವೇ ನಮಗೆ ಗಡ್ಡೆಯಾಗಿ ಕಾಣುತ್ತದೆ. ಕಾವಲು ಮುರಿದರೆ ರೋಗಾಣುಗಳು ರಕ್ತಕ್ಕೆ ನುಗ್ಗುತ್ತವೆ. ಈ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದವರು ಯೆರ್ಸಿನ್. ಇಲಿಯ ಚಿಗಟವೇ ಇದರ ವಾಹಕವೆಂಬುದು ಅದರ ಅನಂತರ ತಿಳಿದುಬಂದಿತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಕರ್ನಾಟಕದ ಊರುಗಳಿಗೂ ಹಬ್ಬಿದಾಗ ನಮ್ಮ ಹಿರಿಯರು ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದರು. ಇಲಿ ಸತ್ತ ಮನೆಯಲ್ಲಿ ನಿಲ್ಲಬಾರದೆಂಬ ಅನುಭವಜ್ಞಾನವು ಶಾಸ್ತ್ರದ ತೀರ್ಪಿಗಾಗಿ ಕಾದು ಕೂಡಲಿಲ್ಲ.

ಎರಡನೆಯದು ನಾರುಹುಣ್ಣು. ಈ ಹೆಸರನ್ನು ಇಂದಿನ ಹುಡುಗರು ಕೇಳಿಯೇ ಇಲ್ಲವೆಂದರೆ ತಪ್ಪಲ್ಲ. ಹಾಗೆ ಕೇಳದಿರುವುದು ನಮ್ಮ ಭಾಗ್ಯ. ನಗರದ ಪಶ್ಚಿಮಕ್ಕಿರುವ ತಿಕೋಟಾದ ಕಡೆಯವರು ನನ್ನ ಅಜ್ಜಿ. ಅವರ ಕಣಕಾಲಿನ ಮೇಲೆ ರೂಪಾಯಿಯಗಲದ ಒಂದು ಕಲೆಯಿದ್ದಿತು. "ಇಲ್ಲಿಂದ ನಾರು ಹೊರಬಿತ್ತಪ್ಪಾ; ದಿನಕ್ಕ ಒಂದು ಬೆರಳಿನಷ್ಟು ಕಡ್ಡಿಗೆ ಸುತ್ತತಿದ್ರು. ಎರಡು ತಿಂಗಳು ನೆಲಕ್ಕ ಕಾಲು ಇಡಲಿಲ್ಲ" ಎಂದು ಅವರು ಹೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆ ವರ್ಷದ ಜೋಳದ ರಾಶಿಯನ್ನು ಅವರು ನೋಡಲಿಲ್ಲವಂತೆ.

ಈ ಹುಳುವಿನ ಜೀವನಕ್ರಮ ಆಶ್ಚರ್ಯಕರವಾದುದು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಯಿರುತ್ತದೆ. ನಾರುಹುಳುವಿನ ಮರಿ ಅದರ ಒಡಲಿನಲ್ಲಿ ಬೆಳೆಯುತ್ತದೆ. ಆ ನೀರನ್ನು ನಾವು ಕುಡಿದರೆ ಸೈಕ್ಲಾಪ್ಸ್ ಜೀರ್ಣವಾಗಿ ಹೋಗುತ್ತದೆ. ಮರಿಯಾದರೋ ಕರುಳಿನ ಗೋಡೆಯನ್ನು ಕೊರೆದು ಹೊರಬೀಳುತ್ತದೆ. ಸುಮಾರು ಒಂದು ವರ್ಷದ ಅನಂತರ, ಹೆಣ್ಣುಹುಳು ಒಂದು ಮೀಟರಿನವರೆಗೂ ಉದ್ದವಾಗಿ, ಚರ್ಮದಡಿಯಲ್ಲಿ ಇಳಿದು, ಹೆಚ್ಚಾಗಿ ಪಾದದ ಬಳಿ ಬೊಕ್ಕೆಯೆಬ್ಬಿಸುತ್ತದೆ. ಬೆಂಕಿಯಿಟ್ಟಂತಹ ಉರಿ. ಉರಿಯನ್ನು ತಣಿಸಲು ರೋಗಿಯು ಕಾಲನ್ನು ನೀರಿನಲ್ಲಿಳಿಸುತ್ತಾನೆ. ಆ ಕ್ಷಣವನ್ನೇ ಕಾಯುತ್ತಿದ್ದ ಹುಳು ಸಾವಿರಾರು ಮರಿಗಳನ್ನು ಆ ನೀರಿಗೆ ಬಿಡುತ್ತದೆ.

ಇಲ್ಲಿ ಚರಿತ್ರೆಯು ಮಾತನಾಡುತ್ತದೆ. ಆದಿಲ್‌ಶಾಹಿ ಅರಸರು ನೀರಿನ ವಿಷಯದಲ್ಲಿ ಬಹಳ ದೂರದೃಷ್ಟಿಯುಳ್ಳವರಾಗಿದ್ದರು. ತೊರವಿಯಿಂದ ಸುರಂಗದ ಮೂಲಕ ನೀರನ್ನು ತಂದರು. ಒತ್ತಡವನ್ನು ತಗ್ಗಿಸಲು ನಗರದಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. 1651ರಲ್ಲಿ ಬೇಗಂ ತಲಾಬನ್ನೂ, ಬಬಲೇಶ್ವರ ಸೀಮೆಯಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಮಮದಾಪುರದ ಕೆರೆಯನ್ನೂ ನಿರ್ಮಿಸಿದರು. 1620ರ ತಾಜ್ ಬಾವಡಿಯ ಕಮಾನನ್ನು ನೋಡಿ ಮೆಚ್ಚದವರಿಲ್ಲ. ಆದರೆ ಮೆಟ್ಟಿಲಿಳಿದು ನೀರನ್ನು ಮುಟ್ಟುವ ಬಾವಿಯಲ್ಲಿ ಒಂದು ದೋಷವುಂಟು. ಬಾಯಾರಿದವನ ಕೊಡವೂ ಹುಣ್ಣಾದವನ ಕಾಲೂ ಒಂದೇ ನೀರಿಗೆ ಇಳಿಯುತ್ತವೆ. ಇದು ವಿಜಯಪುರವೊಂದರ ದೋಷವಲ್ಲ. ದಖ್ಖನಿನಿಂದ ರಾಜಸ್ಥಾನದವರೆಗೆ ಮೆಟ್ಟಿಲುಬಾವಿಯಿದ್ದ ಒಣನಾಡುಗಳಿಗೆಲ್ಲ ನಾರುಹುಣ್ಣು ನೆಂಟನಾಗಿದ್ದಿತು. ಸೈಕ್ಲಾಪ್ಸಿನ ಪಾತ್ರವನ್ನು ರಷ್ಯದ ಫೆಡ್ಚೆಂಕೋ ಅರಿತದ್ದು 1870ರಲ್ಲಿ. ಅಷ್ಟು ಹಿಂದೆ ಬಾವಿ ಕಟ್ಟಿದವರನ್ನು ದೂಷಿಸುವುದು ನ್ಯಾಯವಲ್ಲ.

ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಆದರೂ ಅದು ನಮ್ಮ ದೇಶವನ್ನು ಬಿಟ್ಟುಹೋಯಿತು! 1980ರ ದಶಕದ ಆರಂಭದಲ್ಲಿ ಕರ್ನಾಟಕವೂ ಸೇರಿ 7 ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಆಗ ಸರ್ಕಾರವು ನಿರ್ಮೂಲನ ಕಾರ್ಯವನ್ನು ಕೈಗೊಂಡು, ಹಳ್ಳಿಹಳ್ಳಿಯಲ್ಲಿ ರೋಗಿಗಳನ್ನು ಹುಡುಕಿಸಿತು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿತು. ಕೊಳವೆಬಾವಿಗೆ ಕೈಪಂಪು ಹಾಕಿಸಿತು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿರೆಂದು ಮನೆಮನೆಗೆ ಹೇಳಿಸಿತು. 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಒಂದು ಬಟ್ಟೆಯ ತುಂಡೂ ಒಂದು ಬಾವಿಯ ಕಟ್ಟೆಯೂ ಸಾಧಿಸಿದ ಈ ವಿಜಯವು ಯಾವ ಕೋಟೆಯ ವಿಜಯಕ್ಕೆ ಕಡಿಮೆ?

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮೂರನೆಯ ವ್ಯಾಧಿಯು ಇದರ ನೆರಳಿನಲ್ಲಿಯೇ ಬೆಳೆಯಿತು. ಅದು ಫ್ಲೋರೈಡಿನ ಬೇನೆ. ನಮ್ಮ ಎಲುಬೂ ಹಲ್ಲೂ ಸುಣ್ಣ ಮತ್ತು ರಂಜಕಗಳ ಹರಳಿನಿಂದಾದವು. ಕುಡಿಯುವ ನೀರಿನಲ್ಲಿ ಫ್ಲೋರೈಡು ಅಳತೆಮೀರಿದ್ದರೆ ಅದು ಈ ಹರಳಿನೊಳಗೆ ಮನೆಮಾಡಿಕೊಳ್ಳುತ್ತದೆ. ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುತ್ತವೆ. ವರ್ಷಾನುಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನೆಲುಬು ಬಾಗದ ಕೋಲಿನಂತಾಗುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ ನೆಲ್ಲೂರು ಜಿಲ್ಲೆಯಲ್ಲಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಈ ಮಿತಿಯನ್ನು ಮೀರಿದ ಅಂತರ್ಜಲವುಳ್ಳ ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರವೂ ಇದೆ.

ಫ್ಲೋರೈಡು ಕೆರೆಯ ಮಳೆನೀರಿನಲ್ಲಿ ಅತ್ಯಲ್ಪ. ಬಂಡೆಯ ಆಳದಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಹೆಚ್ಚುವುದುಂಟು. ಎಂದಮೇಲೆ, ನಾರುಹುಣ್ಣಿನಿಂದ ಕಾಲನ್ನು ಉಳಿಸಿದ ಆ ಕೊಳವೆಬಾವಿಯೇ ಹಲವೆಡೆ ಎಲುಬಿಗೆ ಹೊರೆಯಾಯಿತು. ಅಜ್ಜಿಯ ಬಟ್ಟೆ ಸೈಕ್ಲಾಪ್ಸನ್ನು ಹಿಡಿಯುತ್ತಿತ್ತು; ಫ್ಲೋರೈಡನ್ನು ಯಾವ ಬಟ್ಟೆಯೂ ಹಿಡಿಯದು. ನೀರನ್ನು ಕಾಯಿಸಿದರೂ ಅದು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಎಲುಬು ಒಮ್ಮೆ ಬಿಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಆದುದರಿಂದ ಇಲ್ಲಿ ಚಿಕಿತ್ಸೆಗಿಂತ ಎಚ್ಚರವೇ ಮುಖ್ಯ.

ಇಂದು ತಿಕೋಟಾ ಮತ್ತು ಬಬಲೇಶ್ವರಗಳು ಸ್ವತಂತ್ರ ತಾಲೂಕುಗಳಾಗಿವೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಎರೆನೆಲಕ್ಕೆ ಏರಿಬಂದಿದೆ. ತಿಕೋಟಾದ ದ್ರಾಕ್ಷಿ ದೂರದೂರದ ಪೇಟೆಗಳಿಗೆ ಹೋಗುತ್ತದೆ. ಇದು ಸಂತೋಷದ ಸಂಗತಿ. ಆದರೆ ಹೊಲಕ್ಕೆ ಹೊಳೆಯ ನೀರು ಬಂದು, ಅದೇ ಹೊಲದ ಕೂಲಿಯವನ ಕೊಡಕ್ಕೆ ಇನ್ನೂ ಆಳದ ಬಾವಿಯ ನೀರೇ ಗತಿಯಾದರೆ, ಆ ಸಂತೋಷ ಪೂರ್ಣವಾಗುವುದೆಂತು?

ಚರಿತ್ರೆಯಿಂದ ನಾವು ಕಲಿಯತಕ್ಕ ಪಾಠ ಇಷ್ಟೇ. ಮೆಟ್ಟಿಲುಬಾವಿ ಕಟ್ಟಿದವರು ಸದ್ಬುದ್ಧಿಯಿಂದಲೇ ಕಟ್ಟಿದರು. ಕೊಳವೆಬಾವಿ ತೋಡಿದವರೂ ಸದ್ಬುದ್ಧಿಯಿಂದಲೇ ತೋಡಿದರು. ಸದ್ಬುದ್ಧಿಯೊಂದೇ ಸಾಲದು, ಕೊಟ್ಟ ನೀರು ಒಡಲಿನಲ್ಲಿ ಏನು ಮಾಡುತ್ತಿದೆಯೆಂದು ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕು. ಊರಿನ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸುವುದು, ಶಾಲೆಯ ಮಕ್ಕಳ ಹಲ್ಲುಗಳನ್ನು ಕಣ್ಣಿಟ್ಟು ನೋಡುವುದು, ಹಳೆಯ ಕೆರೆಗಳ ಹೂಳೆತ್ತಿಸುವುದು, ಇವು ದೊಡ್ಡ ಕೆಲಸಗಳಾಗಿ ತೋರದಿರಬಹುದು. ಬಟ್ಟೆಯಲ್ಲಿ ನೀರು ಸೋಸುವುದೂ ಒಂದು ಕಾಲದಲ್ಲಿ ಹಾಗೆಯೇ ತೋರಿದ್ದಿತು.

ಮುಂದೊಮ್ಮೆ ತಾವು ತಾಜ್ ಬಾವಡಿಯ ಮೆಟ್ಟಿಲುಗಳ ಮೇಲೆ ನಿಂತಾಗ, ಕಟ್ಟಿಸಿದವರ ಜೊತೆಗೆ ಅಂತಹ ಬಾವಿಗಳಿಗೆ ಇಳಿದು ಕೊಡ ತುಂಬಿಕೊಂಡು ಹೋದವರನ್ನೂ ಒಂದು ಗಳಿಗೆ ನೆನೆಯಬೇಕೆಂದು ಬೇಡಿಕೊಂಡು, ಈ ಭಾಷಣವನ್ನು ಮುಗಿಸುತ್ತೇನೆ.