ಬಿಟ್ಟ ಉಸಿರಿನ ಲೆಕ್ಕ

ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿ ಆಡುವ ಜಾಗವೂ ರೋಗಿಯ ಉಸಿರಾಡುವ ಜಾಗವೂ ಒಂದೇ. ಒಂದೇ ಕಾಲುದಾರಿಗೆ ಇಬ್ಬರು ಹಕ್ಕುದಾರರಿದ್ದ ಹಾಗೆ. ಅರಿವಳಿಕೆ ತಜ್ಞರು ಅಲ್ಲಿ ಕೊಳವೆ ಇಟ್ಟರೆ ಶಸ್ತ್ರವೈದ್ಯರಿಗೆ ಕಾಣುವುದಿಲ್ಲ, ತೆಗೆದರೆ ರೋಗಿಗೆ ಉಸಿರಿಲ್ಲ. ಈ ತಕರಾರಿನ ಇತಿಹಾಸವನ್ನು ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಆಮ್ಲಜನಕ ತಲುಪಿಸುವ ಜಾಣ್ಮೆ ಬೆಳೆದ ಕಥೆಯಾಗಿ ಹೇಳುತ್ತಾರೆ. ಘಟನೆಗಳನ್ನು ಸಾಲಾಗಿಟ್ಟು ನೋಡಿದರೆ ನನಗೆ ಬೇರೆಯೇ ಕಾಣುತ್ತದೆ. ಗಾಳಿಯನ್ನು ಒಳಗೆ ಕಳಿಸುವ ಉಪಾಯ ಬಹುಪಾಲು ಬೇಗನೆ ಸಿಕ್ಕಿದೆ. ಒಂದು ವಿಧಾನ ಬಿಟ್ಟು ಇನ್ನೊಂದಕ್ಕೆ ಹೋಗುವಂತೆ ಮಾಡಿದ್ದು ಹೊರಗೆ ಬರಬೇಕಾದ ಉಸಿರು.

ಮೊದಲ ಹೆಜ್ಜೆಗಳು ಈ ವಾದಕ್ಕೆ ಒಗ್ಗುವುದಿಲ್ಲ ಎಂದು ಯಾರಾದರೂ ಹೇಳಬಹುದು, ಅದು ಸರಿ ಕೂಡ. 1871ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಕುತ್ತಿಗೆ ಕೊಯ್ದು ಇಟ್ಟ ಕೊಳವೆಗೆ ಊದಿಸಬಹುದಾದ ರಬ್ಬರ್ ಪಟ್ಟಿ ಸುತ್ತಿದ್ದು ರಕ್ತ ಶ್ವಾಸಕೋಶಕ್ಕೆ ಇಳಿಯಬಾರದೆಂದು. 1878ರ ಜುಲೈನಲ್ಲಿ ಗ್ಲಾಸ್ಗೋದ ವಿಲಿಯಂ ಮ್ಯಾಕ್ಯೂಯನ್, ನಾಲಿಗೆಯ ಬುಡದಲ್ಲಿ ಗಡ್ಡೆಯಿದ್ದ ಗಾರೆ ಕೆಲಸದವನೊಬ್ಬನ ಬಾಯಿಯೊಳಗೆ ಬೆರಳಿಟ್ಟು, ಸ್ಪರ್ಶದಿಂದಲೇ ದಾರಿ ಹುಡುಕಿ ಲೋಹದ ಕೊಳವೆ ಇಳಿಸಿದ. ಕುತ್ತಿಗೆ ಕೊಯ್ಯುವುದು ತಪ್ಪಿತು, ಕೊಳವೆಯ ಸುತ್ತಲಿನ ಸಂದಿಯನ್ನು ಮುಚ್ಚಿ ರಕ್ತವನ್ನೂ ತಡೆದ. ಅಲ್ಲಿ ರೋಗಿ ತಾನಾಗಿಯೇ ಉಸಿರಾಡುತ್ತಿದ್ದ, ಕೊಳವೆಯೂ ದಪ್ಪಗಿತ್ತು. ಹಾಗಾಗಿ ಹೊರಹೋಗುವ ಉಸಿರಿನ ಚಿಂತೆ ಯಾರಿಗೂ ಬರಲಿಲ್ಲ.

ಆ ಚಿಂತೆ ಶುರುವಾದದ್ದು ಮೊದಲ ಮಹಾಯುದ್ಧದ ನಂತರ, ಲಂಡನ್ ಬಳಿಯ ಸಿಡ್‌ಕಪ್ ಆಸ್ಪತ್ರೆಯಲ್ಲಿ. ಗುಂಡು, ಚೂರುಗಳಿಂದ ಮುಖವೇ ಒಡೆದುಹೋದ ಸೈನಿಕರನ್ನು ಹೆರಾಲ್ಡ್ ಗಿಲ್ಲೀಸ್ ಅಲ್ಲಿ ಸರಿಪಡಿಸುತ್ತಿದ್ದರು. ಮುಖಕ್ಕೆ ಮುಸುಕು ಹಾಕುವಂತಿಲ್ಲ. ಅರಿವಳಿಕೆ ಕೊಡುತ್ತಿದ್ದ ಮ್ಯಾಗಿಲ್ ಮತ್ತು ರೋಬೋಥಮ್ ಸಪೂರ ಕೊಳವೆಯೊಂದರಿಂದ ಈಥರ್ ಆವಿಯನ್ನು ಶ್ವಾಸನಾಳಕ್ಕೆ ಊದುತ್ತಿದ್ದರು. ಒಳಗೆ ಹೋಗುವುದೇನೋ ಸರಾಗ, ಆದರೆ ಊದಿದ ಈಥರ್ ಕೊಳವೆಯ ಸಂದಿಯಿಂದ ಮೇಲೆ ಬಂದು, ಬಗ್ಗಿ ನಿಂತಿದ್ದ ಶಸ್ತ್ರವೈದ್ಯರ ಮೂಗಿಗೇ ಹೊಡೆಯುತ್ತಿತ್ತು. (ಅರಿವಳಿಕೆ ಯಾರಿಗೆ ಎಂದು ಕೇಳುವಂತಿತ್ತು.) ಆಗ ಉಸಿರು ಹೊರಬರಲೆಂದೇ ಎರಡನೆಯ ಕೊಳವೆ ಸೇರಿತು, ಆಮೇಲೆ ಎರಡರ ಬದಲು, ಹೋಗಿ ಬರುವ ಉಸಿರು ಎರಡಕ್ಕೂ ಸಾಲುವಂಥ ಅಗಲವಾದ ಒಂದೇ ರಬ್ಬರ್ ಕೊಳವೆ. ಇಂದು ಜಗತ್ತಿನ ಯಾವ ಆಪರೇಷನ್ ಥಿಯೇಟರಿನಲ್ಲೂ ಕಾಣುವ ಟ್ಯೂಬಿನ ಹಿರೀಕ ಅದು.

1960ರ ದಶಕದಲ್ಲಿ ಧ್ವನಿತಂತುಗಳ ಮೇಲೆ ಸೂಕ್ಷ್ಮದರ್ಶಕ ಬಂತು, ಸ್ನಾಯು ಸಡಿಲಿಸುವ ಔಷಧಿಗಳಿಂದ ರೋಗಿಯ ಸ್ವಂತ ಉಸಿರಾಟ ನಿಲ್ಲಿಸುವುದೂ ರೂಢಿಯಾಗಿತ್ತು. ಕಣ್ಣಿಗೆ ಅಡ್ಡ ಬರದಂತೆ ಕೊಳವೆ ಸಪೂರವಾಗಬೇಕಾಯಿತು. ಇಲ್ಲಿ ಭೌತಶಾಸ್ತ್ರ ಕರುಣೆ ತೋರುವುದಿಲ್ಲ: ಗಾಳಿ ಶಾಂತವಾಗಿ ಹರಿಯುವಾಗಲೂ ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ ಅಡೆತಡೆ 16 ಪಟ್ಟಾಗುತ್ತದೆ. ಒಳಗೆ ನೂಕಲು ಯಂತ್ರದ ಒತ್ತಡವಿದೆ. ಹೊರಗೆ ಬರಲು ಇರುವುದು ಹಿಗ್ಗಿದ ಎದೆ ಮತ್ತು ಶ್ವಾಸಕೋಶ ಕುಗ್ಗುವ ಬಲ ಮಾತ್ರ. 1967ರಲ್ಲಿ ಅಮೆರಿಕದ ಸ್ಯಾಂಡರ್ಸ್ ಕೊಳವೆಯನ್ನೇ ಕೈಬಿಟ್ಟರು. ಶ್ವಾಸನಾಳ ನೋಡುವ ಲೋಹದ ಬ್ರಾಂಕೋಸ್ಕೋಪಿನ ಬಾಯಲ್ಲಿ ಸೂಜಿಯಂಥ ನಳಿಕೆ ಇಟ್ಟು, ಚದರ ಇಂಚಿಗೆ ಸುಮಾರು 50 ಪೌಂಡ್ ಒತ್ತಡದ ಆಮ್ಲಜನಕವನ್ನು ಕೈಗುಂಡಿಯಿಂದ ಬಿಟ್ಟು ಬಿಟ್ಟು ಚಿಮ್ಮಿಸಿದರು. ಆ ಧಾರೆ ಸುತ್ತಲಿನ ಗಾಳಿಯನ್ನೂ ಸೆಳೆದುಕೊಂಡು ಎದೆಯನ್ನು ಉಬ್ಬಿಸುತ್ತಿತ್ತು. ಇದೇ ಜೆಟ್ ವಿಧಾನ ಧ್ವನಿಪೆಟ್ಟಿಗೆಯ ಚಿಕಿತ್ಸೆಗೂ ಬಂದು ಶಸ್ತ್ರವೈದ್ಯರಿಗೆ ಜಾಗ ತೆರವು ಮಾಡಿಕೊಟ್ಟಿತು. ಆದರೆ ಮೇಲೆ ಧ್ವನಿತಂತುಗಳು ಮುಚ್ಚಿಕೊಂಡರೆ ಒಳಗಿನ ಗಾಳಿಗೆ ದಾರಿಯಿಲ್ಲ, ಮುಂದಿನ ಕೆಲವು ಚಿಮ್ಮುವಿಕೆಗಳಲ್ಲೇ ಶ್ವಾಸಕೋಶ ಒಡೆಯಬಹುದು. ಜೆಟ್ ಬಳಸುವವರು ಎದೆ ಏರುವುದಕ್ಕಿಂತ ಇಳಿಯುವುದನ್ನು ಕಣ್ಣಿಟ್ಟು ಕಾಯುವುದು ಇದಕ್ಕೇ.

1970ರ ದಶಕದಲ್ಲಿ ಲೇಸರ್ ಬಂದ ಮೇಲೆ ನಿಜವಾದ ಭಯ ಬೆಂಕಿಯದು, ಉಸಿರಿನದಲ್ಲ ಎನ್ನುವವರಿದ್ದಾರೆ. ಆಮ್ಲಜನಕದ ನಡುವೆ ರಬ್ಬರ್ ಅಥವಾ ಪ್ಲಾಸ್ಟಿಕ್ ಕೊಳವೆ ಹೊತ್ತಿಕೊಳ್ಳುತ್ತದೆ ಎಂಬುದು ನಿಜ. ಆದರೆ ಅದರಿಂದ ಆದದ್ದು ಕೊಳವೆಯಿಲ್ಲದ ವಿಧಾನಗಳ ಕಡೆಗೆ ಇನ್ನಷ್ಟು ಒಲವು, ಅಂದರೆ ಹಳೆಯ ಪ್ರಶ್ನೆಗೇ ವಾಪಸು.

ಉಸಿರಾಟವೇ ಇಲ್ಲದೆ ಆಮ್ಲಜನಕವನ್ನಷ್ಟೇ ಕೊಟ್ಟರೆ? 1959ರಲ್ಲಿ ಫ್ರೂಮಿನ್ ಮತ್ತು ಸಂಗಡಿಗರು ಎಂಟು ರೋಗಿಗಳಲ್ಲಿ ಇದನ್ನು ತೋರಿಸಿದ್ದರು. ಉಸಿರು ನಿಂತು ಮುಕ್ಕಾಲು ಗಂಟೆ ಮೀರಿದರೂ ರಕ್ತದಲ್ಲಿ ಆಮ್ಲಜನಕ ಕುಸಿಯಲಿಲ್ಲ. ಆದರೆ 40ರ ಆಸುಪಾಸಿನಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ಒತ್ತಡ ಒಬ್ಬರಲ್ಲಿ 250 ಮಿಲಿಮೀಟರ್ ಪಾದರಸ ಮುಟ್ಟಿತು. 2015ರಲ್ಲಿ ಲಂಡನ್ನಿನ ಪಟೇಲ್ ಮತ್ತು ನೂರಾಯ್ ಬೆಚ್ಚಗಿನ, ತೇವದ ಆಮ್ಲಜನಕವನ್ನು ನಿಮಿಷಕ್ಕೆ 70 ಲೀಟರಿನಂತೆ ಮೂಗಿಗೆ ಹರಿಸಿ, 25 ರೋಗಿಗಳನ್ನು ಉಸಿರಾಟವಿಲ್ಲದೆ ಕಾಪಾಡಿದ್ದನ್ನು ವರದಿ ಮಾಡಿದರು. ಮಧ್ಯಾಂಕ 14 ನಿಮಿಷ, ಅತಿ ದೀರ್ಘ 65 ನಿಮಿಷ. ಹಳೆಯ ವಿಧಾನಕ್ಕಿಂತ ಇಲ್ಲಿ ಇಂಗಾಲದ ಡೈಆಕ್ಸೈಡ್ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಏರಿತು, ಆದರೆ ಏರಿತು. ವಿಧಾನಗಳನ್ನು ಹೋಲಿಸುವಾಗ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನ ಅಂಕಿಯನ್ನೇ ನೆಚ್ಚುವುದು ನನಗೆ ಹಿಡಿಸದಿರುವುದು ಈ ಕಾರಣಕ್ಕೆ. ಅಲ್ಲಿ ಎಲ್ಲ ವಿಧಾನಗಳೂ ಚೆನ್ನಾಗಿಯೇ ಕಾಣುತ್ತವೆ.

ಇತ್ತೀಚಿನ ಹೆಜ್ಜೆ ಜರ್ಮನಿಯ ಅರಿವಳಿಕೆ ತಜ್ಞ ಡೀಟ್ಮಾರ್ ಎಂಕ್ ಅವರದು. ಒಳವ್ಯಾಸ ಸುಮಾರು 2.4 ಮಿಲಿಮೀಟರಿನ ಕೊಳವೆಯಲ್ಲೂ ಪೂರ್ತಿ ಉಸಿರಾಟ ನಡೆಸಬಹುದೆಂದು ಅವರ ಸಾಧನಗಳು ತೋರಿಸಿವೆ. ಅವುಗಳಲ್ಲಿ ಕೈಯಲ್ಲಿ ಹಿಡಿಯುವ ಒಂದರ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಆಮ್ಲಜನಕ ಒಳಗೆ ಹೋಗುತ್ತದೆ, ಬೆರಳೆತ್ತಿದರೆ ಅದೇ ಧಾರೆ ಶ್ವಾಸಕೋಶದಿಂದ ಉಸಿರನ್ನು ಎಳೆದು ತರುತ್ತದೆ. ಸುತ್ತಲಿನ ಗಾಳಿಯನ್ನು ಸೆಳೆಯುವ ಧಾರೆಯ ಗುಣ ಸ್ಯಾಂಡರ್ಸ್‌ಗೂ ಗೊತ್ತಿತ್ತು. ಅವರು ಅದನ್ನು ಗಾಳಿ ಒಳಗೆ ತುಂಬಲು ಬಳಸಿದರು, ಎಂಕ್ ಹೊರಗೆ ತೆಗೆಯಲು.