ಇಪ್ಪತ್ತೆಂಟು ದಿನದ ರಜೆ: ಊರಿಗೆ ಮರಳುವವರ ಮನೆ ಮತ್ತು ತೆರಿಗೆ

ನನ್ನ ದೊಡ್ಡಪ್ಪ ಬಹರೈನಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಪ್ರತಿ ವರ್ಷ ಮೇ ತಿಂಗಳಲ್ಲಿ ಕುಂದಾಪುರದ ಬಳಿಯ ನಮ್ಮ ಹಳ್ಳಿಗೆ ಬರುತ್ತಿದ್ದರು. ಬಂದವರು ಇಪ್ಪತ್ತೆಂಟು ದಿನವಿದ್ದು ಹೊರಟುಬಿಡುತ್ತಿದ್ದರು. ಇಪ್ಪತ್ತೊಂಬತ್ತನೆಯ ದಿನ ಅವರು ಊರಲ್ಲಿದ್ದದ್ದನ್ನು ಯಾರೂ ನೋಡಿದವರಿಲ್ಲ. ಕಂಪನಿಯವರು ಜಿಪುಣರು, ರಜೆ ಕೊಡುವುದಿಲ್ಲ ಎಂದು ಮನೆಯವರೆಲ್ಲ ನಂಬಿದ್ದೆವು.

1978ರಲ್ಲಿ ಅವರು ಬಂದ ಹದಿನೆಂಟನೆಯ ದಿನ ಅಜ್ಜ ತೀರಿಕೊಂಡರು. ಹಿರಿಯ ಮಗನಾದ ದೊಡ್ಡಪ್ಪ ಹತ್ತು ದಿನದ ಕ್ರಿಯೆ ಮುಗಿಸಿ, ಹನ್ನೊಂದನೆಯ ದಿನ ಮಧ್ಯಾಹ್ನ ಬೊಂಬಾಯಿಯ ಬಸ್ಸು ಹತ್ತಿದರು. ಹದಿಮೂರನೆಯ ದಿನದ ಕಾರ್ಯಕ್ಕೆ ಕೂತವರು ನನ್ನ ಅಪ್ಪ. ಊರಿನವರು ಇದನ್ನು ಬಹಳ ವರ್ಷ ಆಡಿಕೊಂಡರು. ಅಜ್ಜಿ ಆಡಿಕೊಳ್ಳಲಿಲ್ಲ, ಮರೆಯಲೂ ಇಲ್ಲ.

ದೊಡ್ಡಪ್ಪ ಹೋದ ಮೇಲೆ ಅವರ ಟ್ರಂಕಿನಲ್ಲಿ ಒಂದು ಸಣ್ಣ ನೋಟುಬುಕ್ಕು ಸಿಕ್ಕಿತು. ವರ್ಷಕ್ಕೊಂದು ಪುಟ. ಬಂದ ದಿನಾಂಕ, ಹೊರಟ ದಿನಾಂಕ, ಎದುರಿಗೆ ದಿನಗಳ ಮೊತ್ತ. 1978ರ ಪುಟದಲ್ಲಿ ಎರಡು ಬಾರಿ ಕೂಡಿಸಿ ನೋಡಿದ ಗುರುತಿತ್ತು. ಹದಿಮೂರನೆಯ ದಿನದವರೆಗೆ ನಿಂತಿದ್ದರೆ ಲೆಕ್ಕ ಸರಿಯಾಗಿ ಮೂವತ್ತಕ್ಕೆ ಮುಟ್ಟುತ್ತಿತ್ತು. ಆ ಮೂವತ್ತು ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು. ಪರದೇಶಕ್ಕೆ ಹೋದವನ ಊರಿನ ಮನೆಯನ್ನು ನಮ್ಮ ತೆರಿಗೆ ಕಾನೂನು ಹೇಗೆ ನೋಡುತ್ತಾ ಬಂದಿದೆ ಎಂಬ ಕಥೆ.

*

ಮೊದಲಿಗೆ 1939ಕ್ಕೆ ಹೋಗಬೇಕು. 1922ರ ಆದಾಯ ತೆರಿಗೆ ಕಾಯ್ದೆಗೆ ಆ ವರ್ಷ ದೊಡ್ಡ ತಿದ್ದುಪಡಿಯಾಯಿತು. ಅಲ್ಲಿಯವರೆಗೆ ಹೊರದೇಶದಲ್ಲಿ ಗಳಿಸಿದ ಹಣ ಬ್ರಿಟಿಷ್ ಇಂಡಿಯಾದೊಳಗೆ ಬಂದಾಗಲೇ ಸರ್ಕಾರದ ಕಣ್ಣು ಅದರ ಮೇಲೆ ಬೀಳುತ್ತಿತ್ತು. ತಿದ್ದುಪಡಿಯ ನಂತರ ಪ್ರಶ್ನೆಯೇ ಬದಲಾಯಿತು. ಹಣ ಎಲ್ಲಿದೆ ಎನ್ನುವುದಕ್ಕಿಂತ ಮನುಷ್ಯ ಎಲ್ಲಿಯವನು ಎನ್ನುವುದು ಮುಖ್ಯವಾಯಿತು. 'ನಿವಾಸಿ' ಎಂದು ತೀರ್ಮಾನವಾದರೆ, ಹಣ ಕಡಲಾಚೆಯೇ ಉಳಿದಿದ್ದರೂ ಅದು ತೆರಿಗೆಯ ಲೆಕ್ಕಕ್ಕೆ ಬರಬಹುದಿತ್ತು.

ನಿವಾಸಿ ಯಾರು? ವರ್ಷದಲ್ಲಿ 182 ದಿನ ಇಲ್ಲಿದ್ದವನು ಎಂಬುದು ಒಂದು ಅಳತೆ. ಇನ್ನೊಂದು ಅಳತೆ ಮನೆ. ಒಬ್ಬನಿಗಾಗಿ ಇಲ್ಲಿ ವರ್ಷದಲ್ಲಿ 182 ದಿನ ವಾಸದ ಮನೆಯೊಂದನ್ನು ಇಟ್ಟುಕೊಂಡಿದ್ದು, ಅವನು ಆ ವರ್ಷ ಸ್ವಲ್ಪ ಹೊತ್ತಾದರೂ ಇಲ್ಲಿಗೆ ಬಂದಿದ್ದರೆ ಸಾಕು, ಅವನು ನಿವಾಸಿ. ಮನೆಯನ್ನು ಅವನೇ ನೋಡಿಕೊಳ್ಳಬೇಕೆಂದಿಲ್ಲ, ಅವನಿಗಾಗಿ ಬೇರೆಯವರು ನೋಡಿಕೊಂಡರೂ ಆಯಿತು.

ಚೆನ್ನೈಯಲ್ಲಿರುವ ಓದುಗರು ಕಾರೈಕುಡಿಯ ಕಡೆ ಹೋಗಿದ್ದರೆ ನಾಟ್ಟುಕೋಟೈ ಚೆಟ್ಟಿಯಾರರ ಅರಮನೆಯಂಥ ಮನೆಗಳನ್ನು ಕಂಡಿರುತ್ತೀರಿ. ಬರ್ಮಾ, ಸಿಲೋನ್, ಮಲಯಾಗಳಲ್ಲಿ ಲೇವಾದೇವಿ ನಡೆಸಿದ ಕುಟುಂಬಗಳವು. ಗಳಿಕೆ ಕಡಲಾಚೆ, ಮದುವೆ ಮುಂಜಿ ಊರಿನ ಮನೆಯಲ್ಲಿ. ಇಂಥವರಿಗೆ ಹೊಸ ಅಳತೆ ನೇರವಾಗಿ ತಾಗುವಂತಿತ್ತು. ಊರಿನ ಮನೆ ಯಾರದು, ತಂದೆಯದೋ ಹೆಂಡತಿಯದೋ ಅವಿಭಕ್ತ ಕುಟುಂಬದ್ದೋ, ಮಗ ಅಲ್ಲಿ ಯಜಮಾನನಾಗಿ ಉಳಿದನೋ ನೆಂಟನಾಗಿ ಉಳಿದನೋ ಎಂಬಂಥ ಪ್ರಶ್ನೆಗಳು ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದವು. ತಾಯಿಯ ಮನೆಗೆ ಬಂದವನು ಅತಿಥಿಯೇ ಅಲ್ಲವೇ ಎಂದು ವಕೀಲರು ವಾದಿಸಬೇಕಾದ ಕಾಲ ಅದು.

ಸ್ವಾತಂತ್ರ್ಯದ ನಂತರ ಬಂದ 1961ರ ಕಾಯ್ದೆ ಈ ಮನೆಯ ಅಳತೆಯನ್ನು ಕೈಬಿಡಲಿಲ್ಲ. ಸ್ವಲ್ಪ ಸಡಿಲಿಸಿತು, ಅಷ್ಟೇ. ಊರಿನಲ್ಲಿ 182 ದಿನ ಮನೆ ಇಟ್ಟುಕೊಂಡಿರಬೇಕು, ಜತೆಗೆ ಅವನು ವರ್ಷದಲ್ಲಿ 30 ದಿನ ಅಥವಾ ಹೆಚ್ಚು ಇಲ್ಲಿ ಇದ್ದಿರಬೇಕು. ದೊಡ್ಡಪ್ಪನ ನೋಟುಬುಕ್ಕಿನ ಮೂವತ್ತು ಇದೇ.

ನಮ್ಮ ಮನೆಯ ಲೆಕ್ಕ ನೋಡಿ. ಹೆಂಚು ಹೊದೆಸಲು, ಬಾವಿ ಕೆಸರು ತೆಗೆಸಲು, ಮನೆ ತೆರಿಗೆ ಕಟ್ಟಲು ಹಣ ಕಳಿಸುತ್ತಿದ್ದವರು ಅವರೇ. ಅಂದರೆ ಅವರಿಗಾಗಿ ಇಟ್ಟುಕೊಂಡ ಮನೆ ಎಂದು ಅಧಿಕಾರಿಯೊಬ್ಬ ಹೇಳಲು ಏನೂ ಅಡ್ಡಿಯಿರಲಿಲ್ಲ. ಮೂವತ್ತನೆಯ ದಿನ ತಗಲಿದರೆ ಬಹರೈನಿನ ಇಡೀ ವರ್ಷದ ಸಂಬಳ ಇಲ್ಲಿನ ತೆರಿಗೆಗೆ ಸಿಕ್ಕಿಬೀಳುವ ಭಯ. ಬಹರೈನಿನಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇರಲಿಲ್ಲ. ಅಲ್ಲಿ ಕಟ್ಟಿದ್ದೇನೆ, ಇಲ್ಲಿ ಕಳೆದುಕೊಳ್ಳಿ ಎನ್ನುವ ದಾರಿಯೂ ಅವರಿಗಿರಲಿಲ್ಲ. 1973-74ರಲ್ಲಿ ನಮ್ಮ ಅತಿ ಹೆಚ್ಚಿನ ತೆರಿಗೆ ದರ ಸರ್‌ಚಾರ್ಜ್ ಸೇರಿ ಶೇಕಡ 97.75 ಮುಟ್ಟಿತ್ತು. ಗುಮಾಸ್ತನ ಸಂಬಳಕ್ಕೆ ಆ ದರ ಬೀಳುತ್ತಿರಲಿಲ್ಲ, 1978ರ ಹೊತ್ತಿಗೆ ಅದು ಇಳಿದೂ ಇತ್ತು. ಆದರೆ ಹೆದರಿಕೆ ದರದಷ್ಟು ಬೇಗ ಇಳಿಯುವುದಿಲ್ಲ. ಬೊಂಬಾಯಿಯ ಆಡಿಟರೊಬ್ಬರು ಅವರಿಗೆ ಎರಡು ದಿನ ಕಡಿಮೆಯೇ ಇರಲಿ ಎಂದಿದ್ದರಂತೆ. ಬಂದ ದಿನ, ಹೊರಟ ದಿನ ಎರಡನ್ನೂ ಹಿಡಿದರೆ ಲೆಕ್ಕ ತಪ್ಪಬಾರದಲ್ಲ.

ಆ ವರ್ಷ ತೆರಿಗೆ ಕಟ್ಟಿ ನಿಂತುಬಿಡಬಹುದಿತ್ತು ಎಂದು ನನಗೆ ಅನಿಸಿದ್ದುಂಟು. ಆದರೆ ತಂಗಿಯ ಮದುವೆಯ ಸಾಲ ಅದೇ ಸಂಬಳದಿಂದ ತೀರಬೇಕಿತ್ತು ಎಂಬುದೂ ನನಗೆ ಗೊತ್ತು.

1982ರ ಹಣಕಾಸು ಕಾಯ್ದೆ ಮನೆಯ ಷರತ್ತನ್ನು ತೆಗೆದುಹಾಕಿತು. ಅಂದಿನಿಂದ ಊರಿನಲ್ಲಿ ಮನೆ ಇದೆ ಎಂಬ ಕಾರಣಕ್ಕೆ ಯಾರೂ ನಿವಾಸಿಯಾಗುವುದಿಲ್ಲ, ದಿನಗಳ ಲೆಕ್ಕ ಮಾತ್ರ. ರಜೆಗೆ ಬರುವ ಅನಿವಾಸಿಗಳಿಗೆ ಆ ಮಿತಿ 1990ರ ದಶಕದಲ್ಲಿ 182 ದಿನಕ್ಕೆ ಏರಿತು. 2020ರಲ್ಲಿ, ಇಲ್ಲಿನ ಆದಾಯ 15 ಲಕ್ಷ ರೂಪಾಯಿ ದಾಟುವವರಿಗೆ ಅದನ್ನು 120ಕ್ಕೆ ಇಳಿಸಲಾಯಿತು. ಅದೇ ವರ್ಷ ಮಾರ್ಚಿನಲ್ಲಿ ವಿಮಾನಗಳು ನಿಂತು, ಊರಿಗೆ ಬಂದವರು ಊರಲ್ಲೇ ಸಿಕ್ಕಿಹಾಕಿಕೊಂಡಾಗ, 22ರಿಂದ 31ರವರೆಗಿನ ದಿನಗಳನ್ನು ಎಣಿಸುವುದಿಲ್ಲ ಎಂದು ನೇರ ತೆರಿಗೆಗಳ ಮಂಡಳಿಯೇ ಸುತ್ತೋಲೆ ಹೊರಡಿಸಬೇಕಾಯಿತು. ಸಾವು, ಕಾಯಿಲೆಗಳಿಗೆ ಅಂಥ ಸುತ್ತೋಲೆ 1978ರಲ್ಲಿ ದೊಡ್ಡಪ್ಪನ ಕೈಗೆ ಬಂದಿರಲಿಲ್ಲ.

*

ಇದು ಹೋಗಿ ಬರುವವರ ಮಾತಾಯಿತು. ಪೂರ್ತಿ ಮರಳಿ ಬರುವವರ ಮಾತು ಬೇರೆ.

1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ ಭಾರತದ ತೆರಿಗೆ ಸುಧಾರಣೆಯ ಬಗ್ಗೆ ವರದಿ ಕೊಟ್ಟರು. ಮರುವರ್ಷ ಟಿ.ಟಿ. ಕೃಷ್ಣಮಾಚಾರಿಯವರು ಸಂಪತ್ತಿನ ತೆರಿಗೆ ತಂದರು. ಮನೆ ಬಾಡಿಗೆ ತರಲಿ ಬಿಡಲಿ, ಆಸ್ತಿಯ ಒಟ್ಟು ಬೆಲೆ ಮಿತಿ ದಾಟಿದರೆ ವರ್ಷವರ್ಷವೂ ತೆರಿಗೆ. ಜೀವಮಾನದ ಗಳಿಕೆಯನ್ನು ಒಟ್ಟಿಗೆ ಹಿಡಿದು ಬರುವವನಿಗೆ ಇದು ಬಾಗಿಲಲ್ಲೇ ಎದುರಾಗುವ ತೆರಿಗೆ.

ವಿದೇಶಿ ವಿನಿಮಯಕ್ಕೆ ದೇಶ ಹಾತೊರೆಯುತ್ತಿದ್ದ 1976ರಲ್ಲಿ ಇದಕ್ಕೊಂದು ವಿನಾಯಿತಿ ಬಂತು. ಕಾಯಂ ಆಗಿ ನೆಲೆಸಲು ಮರಳಿದ ಭಾರತೀಯನು ತಂದ ಹಣ ಮತ್ತು ಆಸ್ತಿ, ಆ ಹಣದಿಂದ ಇಲ್ಲಿ ಕೊಂಡ ಆಸ್ತಿ, ಇವಕ್ಕೆ ಏಳು ವರ್ಷ ಸಂಪತ್ತಿನ ತೆರಿಗೆಯಿಲ್ಲ. ಮರಳುವ ಹಿಂದಿನ ಒಂದು ವರ್ಷದೊಳಗೆ ಕೊಂಡದ್ದೂ ಇದರಲ್ಲಿ ಸೇರುತ್ತಿತ್ತು. ಅದಕ್ಕೂ ಮುಂಚೆ ಕಂತು ಕಟ್ಟಿ ಕೊಂಡ ಸೈಟು ಸೇರುತ್ತಿರಲಿಲ್ಲ. ದೂರಾಲೋಚನೆಯಿಂದ ಹತ್ತು ವರ್ಷ ಮೊದಲೇ ಜಾಗ ಮಾಡಿಟ್ಟವನಿಗಿಂತ, ಕೊನೆಯ ವರ್ಷ ಓಡಿ ಬಂದು ಕೊಂಡವನಿಗೆ ಹೆಚ್ಚು ಅನುಕೂಲ! 1985ರಲ್ಲಿ ಮರಳಿ ಉಡುಪಿಯಲ್ಲಿ ಮನೆ ಕಟ್ಟಿಸಿದ ದೊಡ್ಡಪ್ಪ ಬ್ಯಾಂಕಿನ ಹಣ ರವಾನೆಯ ಚೀಟಿಗಳನ್ನೆಲ್ಲ ದಾರ ಪೋಣಿಸಿ ಇಟ್ಟಿದ್ದರು. ಇಟ್ಟಿಗೆಗೆ ಕೊಟ್ಟ ರೂಪಾಯಿ ಬಹರೈನಿನಿಂದ ಬಂದದ್ದೆಂದು ತೋರಿಸಲು ಅದೊಂದೇ ಸಾಕ್ಷಿ. ಈ ತೆರಿಗೆ 2015ರ ಬಜೆಟ್ಟಿನಲ್ಲಿ ರದ್ದಾಯಿತು. ಏಳು ವರ್ಷದ ವಿನಾಯಿತಿಯೂ ಅದರೊಂದಿಗೇ ಹೋಯಿತು.

ಉಳಿದದ್ದು ಇನ್ನೊಂದು ನೆರಳು. 1939ರಲ್ಲೇ ಹುಟ್ಟಿದ್ದು. ನಿವಾಸಿ ಹೌದು, ಆದರೆ 'ಸಾಮಾನ್ಯ ನಿವಾಸಿ' ಅಲ್ಲ ಎಂಬ ನಡುವಿನ ವರ್ಗ. ಈ ವರ್ಗದಲ್ಲಿ ಇರುವಷ್ಟು ಕಾಲ ವಿದೇಶದ ಮನೆಯಿಂದ ಅಲ್ಲೇ ಕೈಸೇರುವ ಬಾಡಿಗೆಗೆ ಇಲ್ಲಿ ತೆರಿಗೆಯಿಲ್ಲ. ಹಿಂದಿನ ನಿಯಮದಲ್ಲಿ ದೀರ್ಘಕಾಲ ಹೊರಗಿದ್ದವರಿಗೆ ಈ ನೆರಳು ಒಂಬತ್ತು ವರ್ಷದವರೆಗೆ ಸಿಗುತ್ತದೆಯೇ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2008ರಲ್ಲಿ ತೆರಿಗೆದಾರನ ಪರವಾಗಿ ತೀರ್ಮಾನವಾಯಿತು. ಅಷ್ಟರಲ್ಲಿ ಕಾನೂನೇ ಬದಲಾಗಿತ್ತು. 2003ರ ತಿದ್ದುಪಡಿಯಿಂದ ಈಗ ಸಿಗುವುದು ಹೆಚ್ಚೆಂದರೆ ಎರಡು ಮೂರು ವರ್ಷ.

ವಿದೇಶದಲ್ಲೇ ಮನೆ ಇದ್ದವರ ಪಾಡು ಇನ್ನೂ ಕಷ್ಟದ್ದಾಗಿತ್ತು. 1973ರ ಫೆರಾ ಕಾಯ್ದೆಯ ಪ್ರಕಾರ ಇಲ್ಲಿನ ನಿವಾಸಿ ಹೊರದೇಶದಲ್ಲಿ ಸ್ಥಿರಾಸ್ತಿ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿತ್ತು. 2000ದ ಜೂನ್ 1ರಂದು ಜಾರಿಯಾದ ಫೆಮಾ ಇದನ್ನು ತಿರುಗಿಸಿತು. ಅನಿವಾಸಿಯಾಗಿದ್ದಾಗ ಕೊಂಡ ಮನೆಯನ್ನು ಮರಳಿದ ಮೇಲೂ ಇಟ್ಟುಕೊಳ್ಳಬಹುದು. ಆದರೆ ಇಟ್ಟುಕೊಂಡದ್ದನ್ನು ಹೇಳಬೇಕು. 2012ರಿಂದ ಸಾಮಾನ್ಯ ನಿವಾಸಿಗಳು ವಿದೇಶದ ಆಸ್ತಿಯನ್ನು ರಿಟರ್ನ್‌ನಲ್ಲಿ ತೋರಿಸಬೇಕು. 2015ರ ಕಪ್ಪುಹಣ ಕಾಯ್ದೆಯಲ್ಲಿ ಮುಚ್ಚಿಟ್ಟವರಿಗೆ 10 ಲಕ್ಷ ರೂಪಾಯಿ ದಂಡವಿದೆ. ಲಂಡನ್ನಿನ ಸಣ್ಣ ಫ್ಲ್ಯಾಟಿನ ಬಾಡಿಗೆಗೆ ಅಲ್ಲೇ ತೆರಿಗೆ ಕಟ್ಟಿದ್ದೇನಲ್ಲ, ಇಲ್ಲೇಕೆ ಹೇಳಲಿ ಎಂದುಕೊಂಡವರು ಎಡವುವುದು ಇಲ್ಲಿ. ಅಲ್ಲಿ ಕಟ್ಟಿದ್ದನ್ನು ಒಪ್ಪಂದದ ಪ್ರಕಾರ ಇಲ್ಲಿ ಕಳೆದುಕೊಳ್ಳಬಹುದು, ಹೇಳದೆ ಇರಲಾಗದು.

*

ಇಷ್ಟೆಲ್ಲ ಹಾರಾಟದ ನಡುವೆ ಅಲುಗಾಡದೆ ಕೂತ ತೆರಿಗೆಯೊಂದಿದೆ: ಊರಿನ ಮನೆ ಕಂದಾಯ. ನೀವು ದುಬೈಯಲ್ಲಿರಿ, ದೆಹಲಿಯಲ್ಲಿರಿ, ಪಂಚಾಯಿತಿಗೆ ಅದು ಲೆಕ್ಕಕ್ಕಿಲ್ಲ. ಮನೆ ನಿಂತಿದೆ, ಕಂದಾಯ ಬೀಳುತ್ತದೆ. ಹಾಗೆಂದು ಮಾಲೀಕ ಎಲ್ಲಿದ್ದಾನೆ ಎಂಬ ಪ್ರಶ್ನೆ ಅಲ್ಲಿ ಪೂರ್ತಿ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬಂದು, 2008ರಲ್ಲಿ ಬಡಾವಣೆಯ ಬೆಲೆಗೆ ತಕ್ಕಂತೆ ಚದರಡಿ ದರ ನಿಗದಿಯಾದಾಗ, ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಯ ಇಮ್ಮಡಿ ದರವಿತ್ತು. ಹೊರಗಿದ್ದು ಬಾಡಿಗೆ ಎತ್ತುತ್ತಲೇ ಸ್ವಂತ ವಾಸ ಎಂದು ಬರೆದುಕೊಟ್ಟವರಿಗೆ, ಮರಳಿ ಬಂದು ಖಾತೆ ಸರಿಮಾಡಿಸಲು ಹೊರಟಾಗ ಹಳೆಯ ಬಾಕಿ ಎದುರಾಗಬಹುದು.

ಮಾರುವವರಿಗೂ ಒಂದು ಮಾತು. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಶೇಕಡ 12.5 ತೆರಿಗೆ, ಹಣದುಬ್ಬರದ ಲೆಕ್ಕ ಕಳೆಯುವಂತಿಲ್ಲ. ಆ ದಿನಕ್ಕೆ ಮೊದಲು ಕೊಂಡ ಮನೆ, ಜಾಗಕ್ಕೆ ಹಳೆಯ ಶೇಕಡ 20ರ ಲೆಕ್ಕವನ್ನು, ಹಣದುಬ್ಬರ ಕಳೆದು, ಆರಿಸಿಕೊಳ್ಳುವ ಅವಕಾಶ ನಿವಾಸಿಗೆ ಇದೆ, ಅನಿವಾಸಿಗೆ ಇಲ್ಲ. ಮಾರುವವನು ನಿವಾಸಿಯಾದರೆ, 50 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮಾರಾಟಕ್ಕೆ ಕೊಳ್ಳುವವನು ಹಿಡಿಯುವುದು ಶೇಕಡ 1. ಅನಿವಾಸಿಯಾದರೆ ಬಹಳ ಹೆಚ್ಚು. ಅದೇ ಮನೆ, ಅದೇ ಬೆಲೆ. ವಿಮಾನ ಇಳಿದ ತಾರೀಖು ಮಾತ್ರ ಬೇರೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ದಿನ ಎಣಿಸುವ ಪದ್ಧತಿ ಮುಂದುವರಿದಿದೆ. ಹಾಗಾಗಿ ಮರಳುವವರು ಟಿಕೆಟ್ ತೆಗೆಯುವ ಮೊದಲು ಆರ್ಥಿಕ ವರ್ಷದ ಕ್ಯಾಲೆಂಡರನ್ನು ಒಮ್ಮೆ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು.

ಹಳ್ಳಿಯ ಮನೆಯ ಕಂದಾಯವನ್ನು ಈಗ ಪುಣೆಯಲ್ಲಿ ಕೂತು ನಾನು ಕಟ್ಟುತ್ತೇನೆ. ರಸೀದಿ ಇಂದಿಗೂ ಅಜ್ಜನ ಹೆಸರಿನಲ್ಲೇ ಬರುತ್ತದೆ. ಯಾರ ಹೆಸರಿಗೂ ಖಾತೆ ಬದಲಾಗಿಲ್ಲ. ಕಂದಾಯದ ರಸೀದಿ ಹಕ್ಕುಪತ್ರವಲ್ಲ ಎಂದು ಗೊತ್ತಿದ್ದೂ ನಾವೆಲ್ಲ ಮುಂದೂಡುತ್ತಾ ಬಂದ ಕೆಲಸವದು. ಮುಂದಿನ ರಜೆಯಲ್ಲಿ ಮಾಡಿಸಬೇಕು.

ದೊಡ್ಡಪ್ಪನ ನೋಟುಬುಕ್ಕು 1985ಕ್ಕೆ ನಿಲ್ಲುತ್ತದೆ. ಆ ಪುಟದಲ್ಲಿ ಬಂದ ದಿನಾಂಕವಿದೆ, ಹೊರಟ ದಿನಾಂಕದ ಜಾಗ ಖಾಲಿ. ಅಂದಿನಿಂದ ಪ್ರತಿ ವರ್ಷ ಅಜ್ಜನ ಶ್ರಾದ್ಧಕ್ಕೆ ಉಡುಪಿಯಿಂದ ನಾಲ್ಕು ದಿನ ಮೊದಲೇ ಬಂದು, ಎಲ್ಲ ಮುಗಿದು ನೆಂಟರು ಹೊರಟ ಮೇಲೂ ಅವರು ವಾರಗಟ್ಟಲೆ ಹಳ್ಳಿಯ ಮನೆಯಲ್ಲಿ ಇರುತ್ತಿದ್ದರು. ಯಾವಾಗ ಹೊರಡುತ್ತೀರಿ ಎಂದು ಯಾರಾದರೂ ಕೇಳಿದರೆ, ನೋಡುವ ಎನ್ನುತ್ತಿದ್ದರು.