ಉಡಾನ್ ಯೋಜನೆ: ಬೆಳಗಾವಿ ಸೀಮೆಯಲ್ಲಿ

ಸಣ್ಣ ಊರುಗಳಿಗೆ ವಿಮಾನ ತರಲು ಕೇಂದ್ರ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ಘೋಷಿಸಿದ ಪ್ರಾದೇಶಿಕ ಸಂಪರ್ಕ ಯೋಜನೆಯೇ ಉಡಾನ್. 1953ರಲ್ಲಿ ರಾಷ್ಟ್ರೀಕರಣಗೊಂಡ ವಿಮಾನಯಾನ 1994ರಲ್ಲಿ ಖಾಸಗಿಯವರಿಗೆ ಪೂರ್ತಿ ತೆರೆದ ಬಳಿಕ ದರ, ಮಾರ್ಗಗಳ ಆಯ್ಕೆ ಬಹುಮಟ್ಟಿಗೆ ಸಂಸ್ಥೆಗಳಿಗೇ ಬಿಟ್ಟದ್ದಾಗಿತ್ತು. ಉಡಾನ್ ಆ ಸ್ವಾತಂತ್ರ್ಯದೊಳಗೆ ಸರ್ಕಾರ ಮತ್ತೆ ಕೈಹಾಕಿದ ಕ್ರಮ. ಹರಾಜಿನಲ್ಲಿ ಮಾರ್ಗ ಗೆದ್ದ ಸಂಸ್ಥೆ ಸುಮಾರು ಅರ್ಧದಷ್ಟು ಸೀಟುಗಳನ್ನು ಮಿತಿದರದಲ್ಲಿ ಮಾರಬೇಕು; ಒಂದು ಗಂಟೆಯ ಹಾರಾಟಕ್ಕೆ ಆರಂಭದ ಮಿತಿ 2500 ರೂಪಾಯಿ. ಬದಲಿಗೆ ಮೂರು ವರ್ಷ ಸಹಾಯಧನ, ಆ ಮಾರ್ಗದ ಏಕಸ್ವಾಮ್ಯ. ಸಹಾಯಧನದ ಹಣ ಹೆಚ್ಚಾಗಿ ದೊಡ್ಡ ಮಾರ್ಗಗಳ ವಿಮಾನಗಳ ಮೇಲಿನ ಸುಂಕದಿಂದ ಬರುತ್ತದೆ, ಅಂದರೆ ಕೊನೆಗೆ ಆ ಪ್ರಯಾಣಿಕರ ಜೇಬಿನಿಂದಲೇ.

ನಿಯಮದ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಎಷ್ಟು ಮುಖ್ಯ ಎಂಬುದನ್ನು ಬೆಳಗಾವಿ ಕಂಡಿದೆ. 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಇಲ್ಲಿನ ಸಾಂಬ್ರಾ ವಿಮಾನ ನಿಲ್ದಾಣಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು. ಆದರೆ ಯೋಜನೆಯ ಪಟ್ಟಿಯಲ್ಲಿದ್ದುದು ಹುಬ್ಬಳ್ಳಿ. 2018ರಲ್ಲಿ ವಿಮಾನಗಳೂ ಅತ್ತ ಹೊರಳಿದವು. ಬೆಳಗಾವಿಯ ಜನ ದನಿಯೆತ್ತಿದರು. 2019ರಲ್ಲಿ ಹರಾಜಿನ ಮೂರನೇ ಸುತ್ತಿನಲ್ಲಿ ಸಾಂಬ್ರಾ ಪಟ್ಟಿ ಸೇರಿತು. ಅಥಣಿ ತಾಲ್ಲೂಕಿನ ತೆಲಸಂಗದವರಿಗೆ ಸಾಂಬ್ರಾದಷ್ಟೇ ಮಹಾರಾಷ್ಟ್ರದ ಕೊಲ್ಹಾಪುರ ನಿಲ್ದಾಣವೂ ಒಂದು ಆಯ್ಕೆ. ಅದೂ ಉಡಾನ್ ಪಟ್ಟಿಯದೇ.

ಸಹಾಯಧನ ನಿಂತ ಮೇಲೆ ಮಾರ್ಗ ಉಳಿಯುವುದು ಕಷ್ಟ. ಎಷ್ಟೋ ಮಾರ್ಗಗಳು ಅಲ್ಲಿಯವರೆಗೂ ಬರಲಿಲ್ಲ: ಮೊದಲ ಮೂರು ಸುತ್ತುಗಳ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ ಎಂದು ಮಹಾಲೇಖಪಾಲರ 2023ರ ವರದಿ ದಾಖಲಿಸಿದೆ.